ಕೇಳಿಸಿಕೊಂಡದ್ದಕ್ಕೆ ಎಷ್ಟು?

ಭಟ್ಕಳದ ಆ ಮನೆಗೆ ಮೊದಲ ಸಲ ಹೋದ ದಿನ ಹೊರಗೆ ಕಣ್ಣು ಬಿಡಲಾಗದಂಥ ಬಿಸಿಲು. ಹೊಸ್ತಿಲು ದಾಟಿದ್ದೇ ಏನೂ ಕಾಣದಾಯಿತು. ಮಲ್ಲಿಗೆಯ ವಾಸನೆ ಎತ್ತಲಿಂದ ಬರುತ್ತಿದೆಯೋ ಅತ್ತ ಹೆಜ್ಜೆ ಇಟ್ಟೆ. ಆ ಬೀದಿಯ ಮನೆಗಳಿಗೆ ಅಗಲ ಕಡಿಮೆ, ಉದ್ದ ಬಹಳ. ಅಕ್ಕಪಕ್ಕದ ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಕೋಣೆ ದಾಟಿದರೆ ಇನ್ನೊಂದು ಕೋಣೆ. ನಾಲ್ಕನೆಯದರಲ್ಲಿ, ಮಾಡಿನ ಗಾಜಿನ ಹಂಚಿನಿಂದ ಇಳಿದ ಬೆಳಕಿನಲ್ಲಿ, ಎಂಬತ್ತು ದಾಟಿದ ಅಜ್ಜಿಯೊಬ್ಬರು ಕೂತಿದ್ದರು. ತಮ್ಮ ನೆನಪುಗಳನ್ನು ಕನ್ನಡದಲ್ಲಿ ಬರೆದುಕೊಡಲು ನನ್ನನ್ನು ಕರೆಸಿದವರು ಅವರೇ.

ಫೋನ್ ಮಾಡಿದ್ದು ಅವರ ಮೊಮ್ಮಗಳು, ಕಾಲೇಜು ಮುಗಿಸಿ ಮನೆಯಲ್ಲಿದ್ದ ಹುಡುಗಿ. ವಾರಪತ್ರಿಕೆಯೊಂದರಲ್ಲಿ ನಾನು ಬರೆಯುತ್ತಿದ್ದ ಅಂಕಣವನ್ನು ಅವಳು ಅಜ್ಜಿಗೆ ಓದಿ ಹೇಳುತ್ತಿದ್ದಳಂತೆ.

ನಾನು ಕುಮಟಾದವಳು. ಹನ್ನೊಂದು ವರ್ಷ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡಿ, ಗಂಟಲು ಕೆಟ್ಟು, ಇನ್ನು ಗಟ್ಟಿಯಾಗಿ ಮಾತಾಡಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಬರವಣಿಗೆಗೆ ಕೂತವಳು. ಮದುವೆಯಾಗಲಿಲ್ಲ. ಅಕ್ಕನ ಜೊತೆ ಇದ್ದೇನೆ. ಕೆಳಗೆ ಅವಳ ಹೊಲಿಗೆ ಅಂಗಡಿ, ಮೇಲೆ ನಮ್ಮ ಎರಡು ಕೋಣೆ. ಅವಳ ಮಿಶಿನ್ನಿನ ಸದ್ದು ನೆಲದಿಂದ ಏರಿ ಬಂದು ನನ್ನ ಮೇಜನ್ನು ನಡುಗಿಸುತ್ತದೆ.

ಬರೆಯುವ ಕೆಲಸಕ್ಕೆ ಬರವಿರಲಿಲ್ಲ. ಶಾಲೆಗಳ ಸ್ಮರಣಸಂಚಿಕೆ, ಯಾರದೋ ಷಷ್ಟ್ಯಬ್ದಿಯ ಪುಸ್ತಕ, ಮುರ್ಡೇಶ್ವರದ ಕಡೆಯ ರೆಸಾರ್ಟಿನವರಿಗೆ ಸಮುದ್ರದ ಬಗ್ಗೆ ನಾಲ್ಕು ಚಂದದ ಮಾತು. ಬರೆಸಿಕೊಂಡವರೆಲ್ಲ ಒಳ್ಳೆಯವರೇ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ‘ನಿಮ್ಮ ಹೆಸರು ನಾಲ್ಕು ಜನರಿಗೆ ಗೊತ್ತಾಗುತ್ತದೆ’ ಎಂದರು. ವಾರಪತ್ರಿಕೆಯಿಂದ ಗೌರವಧನ ಬರುತ್ತದೆ ಎಂದಿದ್ದರು. ಅದರಲ್ಲಿ ಗೌರವ ಮಾತ್ರ ತಪ್ಪದೆ ಬಂತು. ಏಳು ವರ್ಷ ಬರೆದೆ. ಕೇಳಲು ನಾಚಿಕೆ. ಕೇಳಿದರೆ ಬರೆದದ್ದು ಕೊಳಕಾಗಿಬಿಡುತ್ತದೆ ಎಂಬ ಎಂಥದೋ ಭ್ರಮೆ.

ಅಕ್ಕನಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. “ಬ್ಲೌಸ್ ಹೊಲ್ಸ್ಕಂಡವ್ರು ‘ಊರೆಲ್ಲ ನಿನ್ನ ಹೆಸ್ರು ಹೇಳ್ತೆ, ದುಡ್ಡು ಎಂತಕ್ಕೆ’ ಅಂದ್ರೆ ನಾ ಬ್ಲೌಸ್ ಕೊಡ್ತ್ನನೇ?” ಎಂದು ಹಲ್ಲಿನ ನಡುವೆ ದಾರ ಕಚ್ಚಿಕೊಂಡೇ ಕೇಳುತ್ತಿದ್ದಳು.

ಆ ದಿನ ಭಟ್ಕಳದಲ್ಲಿ ಅಜ್ಜಿ ಮೊದಲು ಕೇಳಿದ್ದೂ ಅದನ್ನೇ. ಎಷ್ಟು ತೆಗೆದುಕೊಳ್ಳುತ್ತೀರಿ? ಅವರ ಮನೆಮಾತು ನವಾಯತಿ. ಕನ್ನಡವನ್ನು ಬಾಲ್ಯದಲ್ಲಿ ಶಾಲೆಯಲ್ಲಿ ನಾಲ್ಕು ವರ್ಷ ಕಲಿತಿದ್ದರು. ಹಾಗಾಗಿ ಅವರ ಬಾಯಲ್ಲಿ ಅದು ಹಳೆಯ ಪಠ್ಯಪುಸ್ತಕದ ಕನ್ನಡವಾಗಿಯೇ ಉಳಿದಿತ್ತು. ಒಂದೊಂದು ಪದವನ್ನೂ ಒರೆಸಿ ಇಟ್ಟಂತೆ ಮಾತಾಡುತ್ತಿದ್ದರು. ನಾನು ನೆಲ ನೋಡುತ್ತ ಒಂದು ಅಂಕಿ ಹೇಳಿದೆ.

“ರೈಲಿನ ಖರ್ಚು ಇದರಲ್ಲಿ ಸೇರಿದೆಯೆ?”

“ಸೇರಿದೆ ಅಮ್ಮಾ.”

“ಬರೆಯುವುದಕ್ಕೆ?”

“ಅದೂ ಸೇರಿದೆ.”

“ಇಲ್ಲಿ ಕುಳಿತು ಕೇಳಿಸಿಕೊಳ್ಳುವುದಕ್ಕೆ ಎಷ್ಟು?”

ಕೇಳಿಸಿಕೊಳ್ಳುವುದೂ ಕೆಲಸ ಎಂದು ನನಗೆ ಹೊಳೆದೇ ಇರಲಿಲ್ಲ. ಅಜ್ಜಿ ಮೊಮ್ಮಗಳ ಕಡೆ ತಿರುಗಿ ನವಾಯತಿಯಲ್ಲಿ ಏನೋ ಅಂದರು. ಹುಡುಗಿ ನಕ್ಕಳು. “ಟೀಚರ್, ಸರಿಯಾದ ರೇಟ್ ಹಿಡ್ಕೊಂಡು ಬುಧವಾರ ಬನ್ನಿ ಅಂತಿದ್ದಾರೆ. ಇವತ್ತು ರೊಟ್ಟಿ ತಿಂದು ಹೋಗ್ಬೇಕಂತೆ.”

ಮನೆಗೆ ಬಂದು ಹೇಳಿದಾಗ ಅಕ್ಕ ಮಿಶಿನ್ನು ನಿಲ್ಲಿಸಿ, ಅಳತೆಯ ಟೇಪು ಕೊರಳಲ್ಲಿ ಇದ್ದಂತೆಯೇ ನನ್ನ ಎದುರು ಕೂತಳು. ಎಷ್ಟು ಸಲ ಹೋಗಬೇಕು, ಹೋದರೆ ಎಷ್ಟು ತಾಸು, ಬಂದ ಮೇಲೆ ಬರೆಯಲು ಎಷ್ಟು ದಿನ, ತಿದ್ದಲು ಎಷ್ಟು ಎಂದು ಒಂದೊಂದೇ ಕೇಳಿದಳು. ಲೆಕ್ಕ ಬೆಳೆದದ್ದನ್ನು ನೋಡಿ ನನಗೆ ಹೆದರಿಕೆಯಾಯಿತು. “ಇಷ್ಟು ಯಾರು ಕೊಡ್ತ್ರೇ?” ಎಂದೆ.

“ಕೊಡೂದು ಬಿಡೂದು ಅವ್ರಿಗೆ ಬಿಟ್ಟದ್ದು. ಹೇಳೂದು ನಿಂದು. ಮೂರು ಕಂತು ಮಾಡು. ಮೊದ್ಲು, ನಡುವೆ, ಕಡೀಗೆ. ಆತಾ?”

ಬುಧವಾರ ಒಂದು ಹಾಳೆಯಲ್ಲಿ ಅದನ್ನೆಲ್ಲ ಬರೆದುಕೊಂಡು ಹೋದೆ. ಅಜ್ಜಿ ಭೂತಗನ್ನಡಿ ಹಿಡಿದು ಓದಿದರು. ಮಡಿಚಿ ದಿಂಬಿನ ಕೆಳಗೆ ಇಟ್ಟು, “ಈಗ ಸರಿ” ಎಂದರು. ಮೊದಲ ಕಂತು ಅವತ್ತೇ ಕೈಗೆ ಬಂತು.

ಆಮೇಲಿನ ಬುಧವಾರಗಳು ನೆನಪಿನಲ್ಲಿ ಒಂದೇ ದಿನವಾಗಿ ಕಲಸಿಹೋಗಿವೆ. ಬೆಳಗಿನ ಪ್ಯಾಸೆಂಜರ್ ರೈಲು ಹೊನ್ನಾವರ ಬಿಟ್ಟು ಶರಾವತಿಯ ಸೇತುವೆಗೆ ಬರುವಾಗ ಡಬ್ಬಿಯೊಳಗಿನ ಮಾತೆಲ್ಲ ನಿಂತಂತೆ ಅನಿಸುತ್ತಿತ್ತು. ಎಡಕ್ಕೆ ಗೇರುಸೊಪ್ಪದ ಕಡೆಯ ಗುಡ್ಡಗಳು ಮಂಜಿನಲ್ಲಿ ಅರ್ಧ ಅಳಿಸಿಹೋಗಿರುತ್ತಿದ್ದವು, ಬಲಕ್ಕೆ ನದಿ ಎಲ್ಲಿ ಮುಗಿದು ಕಡಲು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ನೀರಿನ ಮೇಲೆ ಒಂದು ದೋಣಿ, ಅದರಲ್ಲಿ ನಿಂತ ಮನುಷ್ಯ, ಅವನು ಯಾವತ್ತೂ ಬಲೆ ಎಸೆಯುವ ಮೊದಲೇ ಸೇತುವೆ ಮುಗಿಯುತ್ತಿತ್ತು. ಭಟ್ಕಳದಲ್ಲಿ ಇಳಿದು, ರಿಕ್ಷಾ ಹಿಡಿದು, ಆ ಹೊಸ್ತಿಲು ದಾಟಿ ಕುರುಡಿಯಾಗಿ, ಮತ್ತೆ ಕಣ್ಣು ಬಂದಾಗ ನಾನು ಬೇರೆ ಯಾವುದೋ ಕಾಲದಲ್ಲಿರುತ್ತಿದ್ದೆ.

ಅಜ್ಜಿ ಹೇಳುತ್ತಿದ್ದರು. ಬೀದಿಯ ಮನೆಗಳ ನಡುವೆ ಒಳಬಾಗಿಲುಗಳಿದ್ದವು. ಹೆಂಗಸರು ಹೊರಗೆ ಕಾಲಿಡದೆ ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಬಹುದಿತ್ತು. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ, ಗಂಡ ಕೊಲಂಬೊದ ಅಂಗಡಿಗೆ ಹೊರಟುಹೋದ ಮರುದಿನ, ಅವರು ಎದ್ದು ಆ ಬಾಗಿಲುಗಳನ್ನು ಒಂದೊಂದಾಗಿ ದಾಟುತ್ತ ಹೋದರಂತೆ. ಒಂದು ಮನೆಯಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದರು. ಇನ್ನೊಂದರಲ್ಲಿ ಎಲ್ಲರೂ ಮಲಗಿದ್ದರು. ಯಾರೂ ಏನೂ ಕೇಳಲಿಲ್ಲ. ಕೊನೆಯ ಮನೆಯ ಬಾವಿಯ ಹತ್ತಿರ ನಿಂತರೆ ಕಡಲಿನ ಸದ್ದು. ಕಾಣುವುದಿಲ್ಲ, ಸದ್ದು ಮಾತ್ರ. “ಅಷ್ಟೇ ಸಾಕಾಯಿತು. ಹಿಂದಿರುಗಿ ಬಂದು ಅಕ್ಕಿ ಬೀಸಿದೆ” ಎಂದರು.

ಕುಮಟಾಕ್ಕೆ ಬಂದ ಮೇಲೂ ಆ ಬಾಗಿಲುಗಳು ನನ್ನನ್ನು ಬಿಡಲಿಲ್ಲ. ಬರೆಯುತ್ತ ಬರೆಯುತ್ತ ಎದ್ದು ನಮ್ಮ ಕೋಣೆಯ ಗೋಡೆಯ ಹತ್ತಿರ ನಿಂತು ಕೈಯಾಡಿಸುತ್ತಿದ್ದೆ. ಅಕ್ಕ ಚಹಾ ತಂದವಳು ನೋಡಿ, “ಎಂತ ಹುಡುಕ್ತೇ?” ಎಂದಳು.

“ಬಾಗ್ಲು.”

“ಆತು. ಚಾ ಕುಡಿ ಮೊದ್ಲು.”

ಇನ್ನೊಂದು ಬುಧವಾರ ಅಜ್ಜಿ ತಾವು ಓದಿದ್ದನ್ನು ಹೇಳಿದರು. ನಾಲ್ಕನೆಯ ತರಗತಿಗೆ ಶಾಲೆ ನಿಂತಿತು. ಮನೆಯಲ್ಲಿ ಕನ್ನಡ ಪುಸ್ತಕವಿಲ್ಲ. ಆದರೆ ಅಂಗಡಿಯಿಂದ ಸಕ್ಕರೆ, ಬೇಳೆ ಕಟ್ಟಿ ಬರುವ ಕಾಗದ ಕನ್ನಡದ್ದು. ಪೊಟ್ಟಣ ಬಿಚ್ಚಿ, ಸುಕ್ಕು ತೀಡಿ, ಓದುವುದು. ಕತೆಗಳು ಅರ್ಧಕ್ಕೇ ಹರಿದಿರುತ್ತಿದ್ದವು. ಉಳಿದರ್ಧವನ್ನು ಅವರೇ ಕಟ್ಟಿಕೊಂಡು ನಾದಿನಿಯರಿಗೆ ನವಾಯತಿಯಲ್ಲಿ ಹೇಳುತ್ತಿದ್ದರು.

ಹೇಳಿ ಮುಗಿಸಿ, “ಸಕ್ಕರೆಗೆ ಹಣ ಕೊಟ್ಟೆವು. ಕತೆಗೆ ಕೊಡಲಿಲ್ಲ. ಬರೆದವರಿಗೆ ಯಾರಾದರೂ ಕೊಟ್ಟಿದ್ದರೋ ಇಲ್ಲವೋ” ಎಂದರು.

ಅರ್ಧ ಪುಸ್ತಕ ಆಗಿತ್ತು. ಎರಡನೆಯ ಕಂತು ಬರಬೇಕಾದ ವಾರ ದುಬೈನಿಂದ ಫೋನು ಬಂತು. ಅಜ್ಜಿಯ ಮೊಮ್ಮಗ, ಆ ಹುಡುಗಿಯ ಅಣ್ಣ, ಖರ್ಚು ಕೊಡುತ್ತಿದ್ದವನು. ಒರಟು ಮನುಷ್ಯನಲ್ಲ. ತುಂಬ ಮರ್ಯಾದೆಯಿಂದಲೇ ಹೇಳಿದ: “ಮೇಡಂ, ತಪ್ಪು ತಿಳ್ಕೊಬೇಡಿ. ಈಗ ಕಂಪ್ಯೂಟರೇ ಬರೆದು ಕೊಡ್ತದೆ. ಅಜ್ಜಿ ಬಗ್ಗೆ ನನಗೆ ಗೊತ್ತಿದ್ದದ್ದು ನಾಲ್ಕು ಸಾಲು ಹಾಕಿದೆ, ಹತ್ತು ನಿಮಿಷದಲ್ಲಿ ಅರವತ್ತು ಪುಟ ಬಂತು. ಪುಕ್ಕಟೆ. ಇಷ್ಟು ಹಣ ಕೊಡೋದು ಸರಿಯಾ ಅಂತ ಯೋಚನೆ.”

ಆಮೇಲೆ ನಾನು ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ತಲೆ ತಗ್ಗುತ್ತದೆ. “ಬೇಕಾದ್ರೆ ಅರ್ಧಕ್ಕೆ ಮಾಡಿಕೊಡ್ತೇನೆ” ಎಂದುಬಿಟ್ಟೆ. ಪುಸ್ತಕ ನಿಲ್ಲುತ್ತದೆ, ಬುಧವಾರ ನಿಲ್ಲುತ್ತದೆ, ಆ ಹೊಸ್ತಿಲು ಇನ್ನಿಲ್ಲ ಎಂಬ ದಿಗಿಲಿನಲ್ಲಿ ಬಾಯಿಗೆ ಬಂದದ್ದು ಅದು.

ಮುಂದಿನ ಬುಧವಾರ ಹೋದೆ. ಅಜ್ಜಿ ನನ್ನ ಮುಖ ನೋಡಲಿಲ್ಲ. ಮಲ್ಲಿಗೆ ಕಟ್ಟುತ್ತ ಕೂತಿದ್ದರು. ಚಹಾ ಬಂತು, ರೊಟ್ಟಿ ಬಂತು, ಮಾತು ಬರಲಿಲ್ಲ. ಎರಡು ತಾಸು ಹಾಗೇ ಕಳೆದ ಮೇಲೆ ಮೊಮ್ಮಗಳು ನನ್ನನ್ನು ಹೊರಗಿನ ಕೋಣೆಗೆ ಕರೆದು, “ನೀವು ಅರ್ಧಕ್ಕೆ ಒಪ್ಪಿದ್ದು ಅಣ್ಣ ಹೇಳಿದ. ಅಜ್ಜಿಗೆ ಸಿಟ್ಟು. ನನ್ನ ಬದುಕು ಅರ್ಧ ಬೆಲೆಯದಾ ಅಂತ ಕೇಳಿದ್ರು” ಎಂದಳು.

ರೈಲಿನಲ್ಲಿ ಬರುವಾಗ ಅತ್ತುಬಿಟ್ಟೆ. ನನ್ನ ದರ ನಾನು ಇಳಿಸಿದರೆ ಅದು ನನ್ನದೊಬ್ಬಳ ನಷ್ಟ ಎಂದುಕೊಂಡಿದ್ದೆ. ಇನ್ನೊಬ್ಬರಿಗೆ ಅದು ಹೀಗೆ ತಾಗೀತು ಎಂದು ತಿಳಿದಿರಲಿಲ್ಲ.

ಮರುದಿನ ದುಬೈಗೆ ಫೋನ್ ಮಾಡಿದೆ. ಕೆಟ್ಟ ಗಂಟಲಿನಲ್ಲೇ ಹೇಳಿದೆ: ಅವತ್ತು ಗಾಬರಿಯಲ್ಲಿ ಹಾಗೆ ಅಂದೆ, ಮೊದಲು ಒಪ್ಪಿದ್ದೇ ನನ್ನ ದರ. ಬೇಡವಾದರೆ ಈವರೆಗೆ ಬರೆದದ್ದನ್ನು ಕೊಟ್ಟು ನಿಲ್ಲಿಸುತ್ತೇನೆ. ಅವನು, “ಒಂದು ಕೆಲಸ ಮಾಡಿ. ಬುಧವಾರ ನೀವಿದ್ದಾಗಲೇ ಕಂಪ್ಯೂಟರಿಂದು, ನಿಮ್ದು ಎರಡನ್ನೂ ತಂಗಿ ಅಜ್ಜಿಗೆ ಓದ್ಲಿ. ನಾನೂ ಫೋನಲ್ಲಿ ಕೇಳ್ತೇನೆ” ಎಂದ.

ಆ ಬುಧವಾರ ಮೊಮ್ಮಗಳು ಮೊದಲು ಕಂಪ್ಯೂಟರ್ ಬರೆದದ್ದನ್ನು ಓದಿದಳು. ತಪ್ಪಿಲ್ಲದ ಕನ್ನಡ. ಅದರಲ್ಲಿ ಒಬ್ಬ ಹುಡುಗಿ ದಿನಾ ಸಂಜೆ ಕಡಲತೀರದಲ್ಲಿ ಓಡಾಡುತ್ತಿದ್ದಳು, ಅಲೆಗಳು ಅವಳಿಗೆ ಬದುಕಿನ ಪಾಠ ಹೇಳುತ್ತಿದ್ದವು, ಅವಳು ಕುಟುಂಬಕ್ಕೆ ದಾರಿದೀಪವಾಗಿದ್ದಳು. ಅಜ್ಜಿ ಕಿವಿಗೊಟ್ಟು ಎರಡು ಪುಟ ಕೇಳಿದರು. ಆಮೇಲೆ ಕೈಯೆತ್ತಿ ನಿಲ್ಲಿಸಿ ಕೇಳಿದರು:

“ಬಹಳ ಒಳ್ಳೆಯ ಹೆಂಗಸು. ಇವಳು ಯಾರ ಅಜ್ಜಿ?”

ಹುಡುಗಿಗೆ ನಗು ತಡೆಯಲಾಗಲಿಲ್ಲ. ಫೋನಿನಲ್ಲಿ ಅವನೂ ನಕ್ಕ. ನಂತರ ಅವಳು ನಾನು ಬರೆದ ಒಳಬಾಗಿಲುಗಳ ಅಧ್ಯಾಯ ಓದಿದಳು. ಬಾವಿಯ ಹತ್ತಿರ ಬರುವಷ್ಟರಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದರು. ಅವರ ಬೆರಳುಗಳು ಹಾಸಿಗೆಯ ಮೇಲೆ ಬಾಗಿಲ ಚಿಲಕ ಹುಡುಕುವಂತೆ ಆಡುತ್ತಿದ್ದವು. ನನಗೂ ಹೊರಗಿನ ಬೀದಿಯ ಸ್ಕೂಟರುಗಳ ಸದ್ದು ದೂರವಾಗಿ, ಗೋಡೆಗಳು ಒಂದೊಂದಾಗಿ ತೆರೆದುಕೊಂಡಂತೆ ಅನಿಸಿತು. ಓದು ಮುಗಿದ ಮೇಲೆ ಫೋನಿನಲ್ಲಿ ಅವನು ನವಾಯತಿಯಲ್ಲಿ ಅಜ್ಜಿಗೆ ಏನೋ ಕೇಳಿದ. ಮೊಮ್ಮಗಳು ನನಗೆ ಪಿಸುಗುಟ್ಟಿದಳು: “ನನಗೆ ಯಾಕೆ ಇದನ್ನು ಹೇಳ್ಲಿಲ್ಲ ಅಂತ ಕೇಳ್ತಿದ್ದಾನೆ.”

ಅಜ್ಜಿ ಉತ್ತರವನ್ನು ಕನ್ನಡದಲ್ಲೇ ಕೊಟ್ಟರು. “ನೀನು ಕುಳಿತುಕೊಳ್ಳಲಿಲ್ಲ, ಮಗನೇ.”

ಎರಡನೆಯ ಕಂತು ಅದೇ ವಾರ ಬಂತು. ಪುಸ್ತಕ ಮುಗಿಯಿತು. ಮನೆಯವರಿಗಷ್ಟೇ ಎಂದು ನಲವತ್ತು ಪ್ರತಿ ಮಾಡಿಸಿದರು. ಅಚ್ಚಿಗೆ ಹೋಗುವ ಮೊದಲು ಅಜ್ಜಿ ಒಂದು ಅಧ್ಯಾಯವನ್ನು ಪೂರ್ತಿ ತೆಗೆಸಿದರು. ಅದರಲ್ಲೇನಿತ್ತು ಎಂದು ನಾನೂ ಹೇಳುವುದಿಲ್ಲ. ಕೊನೆಯ ಕಂತಿನಲ್ಲಿ ಅದರ ಪಾಲು ಕಡಿಮೆ ಮಾಡಬೇಕೇ ಎಂದು ನಾನು ಕೇಳಿದಾಗ, “ತೆಗೆದ ಪುಟವನ್ನೂ ನೀವು ಬರೆದಿದ್ದೀರಿ” ಎಂದು ಪೂರ್ತಿ ಕೊಡಿಸಿದರು.

ಎಲ್ಲ ಕಡೆಯೂ ಹೀಗೆ ಸಲೀಸಾಗಲಿಲ್ಲ. ವಾರಪತ್ರಿಕೆಗೆ ಪತ್ರ ಬರೆದೆ, ಇನ್ನು ಮುಂದೆ ಅಂಕಣಕ್ಕೆ ಇಷ್ಟು ಕೊಡಿ ಎಂದು. ಸಂಪಾದಕರು ಫೋನಿನಲ್ಲಿ ನೊಂದುಕೊಂಡರು. “ಏಳು ವರ್ಷ ಪ್ರೀತಿಯಿಂದ ಬರೆದ್ರಿ, ಈಗ ಎಂತ ಆತು?” ಎಂದರು. ಪ್ರೀತಿ ಹಾಗೇ ಇದೆ, ಕರೆಂಟು ಬಿಲ್ಲೂ ಇದೆ ಎಂದೆ. ಅಂಕಣ ನಿಂತಿತು. ಮೀನುಪೇಟೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಗುರುತಿನವರು ‘ಈಗ ಎಂತಕ್ಕೆ ಬರಿಯೂದಿಲ್ಲ?’ ಎಂದು ಕೇಳಿದಾಗಲೆಲ್ಲ ಮಾತು ಬದಲಿಸುತ್ತಿದ್ದೆ. ಎರಡು ತಿಂಗಳು ಯಾವ ಕೆಲಸವೂ ಬರಲಿಲ್ಲ. ಅಕ್ಕನ ಬ್ಲೌಸುಗಳಿಗೆ ಹುಕ್ಕು ಹಚ್ಚುತ್ತ ಕೂತೆ. ಅವಳು ಅದಕ್ಕೂ ಹುಕ್ಕಿಗಿಷ್ಟು ಎಂದು ಕೊಟ್ಟಳು. ಬೇಡವೆಂದರೆ ಬಯ್ದಳು.

ಮೊನ್ನೆ ಮಳೆ ಬಿಟ್ಟ ಒಂದು ಮಧ್ಯಾಹ್ನ ಕರ್ಕಿಯಿಂದ ಕರೆ ಬಂತು. ಯಕ್ಷಗಾನದಲ್ಲಿ ಐವತ್ತು ವರ್ಷ ಸ್ತ್ರೀವೇಷ ಮಾಡಿದ ಹಿರಿಯರು. ತಮ್ಮ ನೆನಪುಗಳನ್ನು ಬರೆಸಬೇಕೆಂದಿದ್ದರು. ಹೋದೆ. ಜಗುಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ನನ್ನ ಚೀಲದಲ್ಲಿ ದರದ ಹಾಳೆ ಇತ್ತು. ಹೇಗೆ ಶುರು ಮಾಡಲಿ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು ಒಳಗೆ ಹೋಗಿ ಒಂದು ತಟ್ಟೆ ತಂದು ನನ್ನ ಮುಂದಿಟ್ಟರು. ಎರಡು ಎಲೆ, ಒಂದು ಅಡಿಕೆ, ಮೇಲೆ ಮಡಿಚಿದ ನೋಟುಗಳು.

“ಇದು ಎಂತಕ್ಕೆ? ಇನ್ನೂ ಮಾತಾಡ್ಲೇ ಇಲ್ಲ” ಎಂದೆ.

“ಆಟಕ್ಕೆ ಕರೂದಾದ್ರೆ ಮೊದ್ಲು ವೀಳ್ಯ ಕೊಡೂದಲ್ವ? ವೀಳ್ಯ ಹಿಡಿದ ಮೇಲೇ ಗೆಜ್ಜೆ ಕಟ್ಟೂದು. ಬರಿಯೂರಿಗೂ ಹಂಗೇಯ. ಉಳ್ದದ್ದು ನೀವು ಹೇಳಿ, ಮಾತಾಡ್ವ” ಎಂದರು.

ನಾನು ಹಾಳೆ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹುಡುಕಲು ಎದ್ದರು. ಆ ವಯಸ್ಸಿನಲ್ಲೂ ತಿರುಗುವಾಗ ಸೊಂಟ ತುಸು ಬಾಗಿ, ಇಲ್ಲದ ಸೆರಗನ್ನು ಹಿಡಿದಂತೆ ಕೈ ಎದೆಯ ಹತ್ತಿರ ಬಂತು. ಅಂಗಳದಲ್ಲಿ ಮಾಡಿನ ನೀರು ಇನ್ನೂ ಒಂದೊಂದೇ ಹನಿಯಾಗಿ ಬೀಳುತ್ತಿತ್ತು. ನಾನು ನೋಟ್‌ಬುಕ್ ತೆರೆದು, ಅವರು ತಿರುಗಿದ ಆ ಬಗೆಯನ್ನು ಮೊದಲು ಬರೆದುಕೊಂಡೆ.