ಬದಲಾದರೆ ಮಾತ್ರ

ನಮ್ಮ ಸೂಪರ್‌ವೈಸರರ ಕನ್ನಡಕದ ಎಡಗಾಲಿಗೆ ಯಾವಾಗಲೂ ಕೆಂಪು ಇನ್ಸುಲೇಷನ್ ಟೇಪು ಸುತ್ತಿರುತ್ತಿತ್ತು. ಹೊಸದು ಮಾಡಿಸಿ ಸಾರ್ ಅಂದರೆ, “ಕಾಣ್ತೈತಲ್ಲ, ಬುಡ್ಲಾ” ಎನ್ನುತ್ತಿದ್ದರು. ಬರಗೂರು ಕಡೆಯವರು. ಪಾವಗಡದಾಚೆಯ ಸೋಲಾರ್ ಬಯಲಿನ ಕಂಟ್ರೋಲ್ ರೂಮಿನಲ್ಲಿ ನಾನು ಅವರ ಪಕ್ಕದ ಕುರ್ಚಿಯವನು.

ಬಯಲಿನ ಯಂತ್ರಗಳೆಲ್ಲ ತಮ್ಮ ಬಿಸಿ, ಗಾಳಿ, ದೂಳಿನ ಸಮಾಚಾರವನ್ನು ಕ್ಷಣಕ್ಷಣಕ್ಕೂ ನಮಗೆ ಕಳಿಸುತ್ತಿದ್ದವು. ನಮ್ಮ ಲೈನೋ ಬಡಪಾಯಿ, ಅಷ್ಟನ್ನು ಹೊರಲಾರದು. ಒಮ್ಮೆ ಟ್ರಾನ್ಸ್‌ಫಾರ್ಮರ್ ಹೊತ್ತಿಕೊಂಡಾಗ ಅದರ ಅಲಾರಂ ದೂಳಿನ ಲೆಕ್ಕಗಳ ಹಿಂದೆ ಸರದಿ ನಿಂತು, ಕಿಟಕಿಯಲ್ಲಿ ಹೊಗೆ ಕಂಡ ಮೇಲೆ ಬಂತು. ಅವತ್ತು ಅವರು ಊಟ ಬಿಟ್ಟು ಕೂತು ಎಲ್ಲವನ್ನೂ ತಿರುವಿ ಹಾಕಿದರು. ಬೆಂಕಿ ಮೊದಲು, ಕರೆಂಟು ಆಮೇಲೆ, ದೂಳು ಸಂಜೆಗೆ. ಲೆಕ್ಕ ಬದಲಾಗದ ಯಂತ್ರ ಬಾಯಿ ಬಿಡುವಂತಿಲ್ಲ.

ಮುಂದಿನ ಬೇಸಿಗೆಯಲ್ಲಿ ಇನ್ನೊಂದು ಟ್ರಾನ್ಸ್‌ಫಾರ್ಮರ್ ಹೊತ್ತಿಕೊಂಡಾಗ ಅಲಾರಂ ತಕ್ಷಣ ಬಂತು. ಆ ಟ್ರಾನ್ಸ್‌ಫಾರ್ಮರ್ ನೆರಳಿನಲ್ಲಿ ಕುರಿ ಕಾಯುವಾಕೆಯೊಬ್ಬಳು ಕೂತಿದ್ದಳು. ಇವರು ಮೈಕು ಹಿಡಿದು, “ಅಮ್ಮಾ, ಲೇಯಿ! ಇವತಲಿಕಿ ರಾ!” ಎಂದು ತೆಲುಗಿನಲ್ಲಿ ಕೂಗಿ ಎಬ್ಬಿಸಿ ಈಚೆಗೆ ಕರೆಸಿದರು. ಬದುಕಿಕೊಂಡವಳು ಕುರಿ ಬೆದರಿಸಿದ್ದಕ್ಕೆ ತೆಲುಗಿನಲ್ಲೇ ಇವರಿಗೆ ಚೆನ್ನಾಗಿ ಬೈದಳು.

ನಮಗೂ ಅದೇ ಕಾನೂನು. ರಜೆ ಕೇಳಲು ನಾನು ಅಜ್ಜಿಯ ಮಂಡಿನೋವಿನಿಂದ ಶುರು ಮಾಡಿದರೆ, “ಬೇಕಾದ್ದು ಮೊದ್ಲು ಒದರ್ಲಾ, ಕತೆ ಆಮ್ಯಾಕೆ” ಎನ್ನುವರು.

ಎದೆನೋವೆಂದು ತಾವೇ ಸಿರಾದ ಆಸ್ಪತ್ರೆ ಸೇರಿದಾಗಲೂ ಅದೇ ಕಾನೂನು ಹೇಳಿದರು. “ಏನಾರ ಬದಲಾದ್ರೆ ಫೋನ್ ಬತ್ತದೆ. ಬರ್ನಿಲ್ಲ ಅಂದ್ರೆ ಹಂಗೇ ಇದೀನಿ ಅಂದ್ಕೊ.”

ಫೋನ್ ಬರಲಿಲ್ಲ. ಹಾಗೇ ಇದ್ದಾರೆ ಅಂದುಕೊಂಡು ನಾನು ಶಿಫ್ಟ್ ಮುಗಿಸಿದೆ, ಮಲಗಿದೆ, ಮತ್ತೆ ಶಿಫ್ಟಿಗೆ ಹೋದೆ. ಮಧ್ಯಾಹ್ನ ಅವರ ಮನೆಯಾಕೆ ಫೋನ್ ಮಾಡಿದರು, ಇವರು ಬೆಳಗ್ಗೆಯೇ ಹೋಗಿಬಿಟ್ಟಿದ್ದರು. “ನೋವು ಜಾಸ್ತಿ ಆಯ್ತು ಕಣಪ್ಪ. ನಿಂಗೆ ಫೋನ್ ಮಾಡ್ಲಾ ಅಂದೆ. ಡ್ಯೂಟಿ ಹೊತ್ತು, ಹುಡುಗನ ಲೈನ್ ಹಿಡೀಬ್ಯಾಡ, ಇದೇನು ಅರ್ಜೆಂಟಲ್ಲ ಅಂದ್ಬುಟ್ರು.”

ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಅವರ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ. ಅವರು ಹಾಕಿಕೊಟ್ಟ ಕ್ರಮವೇ ಇನ್ನೂ ನಡೆಯುತ್ತಿದೆ. ನಾನು ಸೇರಿಸಿದ್ದು ಒಂದೇ. ಏನೂ ಬದಲಾಗದಿದ್ದರೂ ಪ್ರತಿ ಯಂತ್ರವೂ ಆಗಾಗ ‘ಇದ್ದೇನೆ’ ಅನ್ನಬೇಕು. ಅಷ್ಟಕ್ಕೆ ಲೈನಿನಲ್ಲಿ ಜಾಗ ಮೊದಲೂ ಇತ್ತು.