ಗಂಧ ಹಚ್ಚಿದ ಡಿಸ್ಕು

ಮುಂಬೈ ಮಗ್ಗುಲಿನ ಡೊಂಬಿವಿಲಿಯಿಂದ ಠಾಣೆ ಊರಿಗೆ ಲೋಕಲ್ ರೈಲಿನಲ್ಲಿ ಇಷ್ಟು ವರ್ಷ ನಿಂತೇ ಹೋಗಿ ಹೋಗಿ ಈಗ ನನ್ನ ಮಂಡಿಗಳು ನನ್ನ ಮಾತು ಕೇಳುವುದಿಲ್ಲ. ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಕರೆಯುವವರೆಲ್ಲ "ಸಣ್ಣ ಕೆಲಸ ಅಷ್ಟೇ" ಎಂದೇ ಫೋನ್ ಮಾಡುತ್ತಾರೆ. ಸಣ್ಣ ಕೆಲಸಕ್ಕೆ ಇವತ್ತಿನವರೆಗೆ ಯಾರೂ ನನ್ನನ್ನು ಕರೆದಿಲ್ಲ.

ಆ ದಿನ ಕರೆದವರು ಠಾಣೆಯ ಕಾರ್ಖಾನೆಗಳ ಬಡಾವಣೆ ವಾಗ್ಳೆ ಎಸ್ಟೇಟ್‌ನಲ್ಲಿ ಮದುವೆ ವಿಡಿಯೋ ಸ್ಟುಡಿಯೋ ನಡೆಸುವ ಉಡುಪಿ ಕಡೆಯವರು. ನನಗಿಂತ ಹಿರಿಯರು, ಅಣ್ಣ ಎನ್ನುತ್ತೇನೆ; ಮರ್ಯಾದೆಗೆ ಅವರೂ ನನ್ನನ್ನು ಅಕ್ಕ ಎನ್ನುತ್ತಾರೆ. ಅವರ ವಿಡಿಯೋಗಳೆಲ್ಲ ಇರುವ ಪೆಟ್ಟಿಗೆಯನ್ನು ಜೋಡಿಸಿಕೊಟ್ಟವಳೂ ನಾನೇ. ಅದರಲ್ಲಿ ಮೂರು ಡಿಸ್ಕುಗಳು ಕೂಡಿ ಒಂದೇ ಡಿಸ್ಕಿನಂತೆ ಕೆಲಸ ಮಾಡುತ್ತವೆ, ಅದಕ್ಕೆ ರೇಡ್ ಎನ್ನುತ್ತಾರೆ. ಒಂದು ಕೈಕೊಟ್ಟರೂ ಉಳಿದೆರಡು ಹೇಗೋ ಸಂಸಾರ ತೂಗಿಸುತ್ತವೆ. ಎರಡನೆಯದೂ ಹೋದರೆ ಎಲ್ಲ ಹೋದಂತೆಯೇ.

"ಎಲ್ಲ ಓಡ್ತಾ ಉಂಟು ಅಕ್ಕ. ಒಂದು ಮದುವೆಯದ್ದು ಮಾತ್ರ ತೆರೆದ್ರೆ ಅಲ್ಲಲ್ಲೇ ನಿಂತುಬಿಡ್ತದೆ" ಎಂದರು ಅಣ್ಣ.

ಆ ಮದುವೆ ಠಾಣೆಯ ಪಕ್ಕದ ಕಳವಾ ಎಂಬಲ್ಲಿನ ಒಂದು ಮನೆಯದು. ರಾಯಚೂರು ಕಡೆಯಿಂದ ಬಂದವರು, ಹುಡುಗಿಯ ತಂದೆ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ. ಮದುವೆಯ ದಿನ ಅಡುಗೆಯವರು ಬಾರದೆ ಹುಡುಗಿಯ ತಾಯಿಯೇ ಒಲೆಯ ಮುಂದೆ ನಿಂತಿದ್ದಳಂತೆ. ತಾಳಿ ಕಟ್ಟುವಾಗ ಆಕೆ ಅನ್ನ ಬಸಿಯುತ್ತಿದ್ದಳು. ವಿಡಿಯೋದಲ್ಲಿ ನೋಡಿಕೊಂಡರಾಯಿತು ಎಂದು ಸಮಾಧಾನ ಮಾಡಿಕೊಂಡವಳು ಅಂದಿನಿಂದ ಅಣ್ಣನಿಗೆ ಫೋನ್ ಮಾಡುತ್ತಲೇ ಇದ್ದಳು. ಕ್ಯಾಮೆರಾದ ಕಾರ್ಡನ್ನು ಅಳಿಸಿ ಅಣ್ಣ ಆಗಲೇ ಮುಂದಿನ ಮದುವೆಗೆ ಬಳಸಿಬಿಟ್ಟಿದ್ದರು. ಆ ತಾಳಿ ಇದ್ದದ್ದು ಈ ಪೆಟ್ಟಿಗೆಯಲ್ಲಿ ಮಾತ್ರ.

ರೇಡ್ ಹೇಗಿದೆ ಎಂದು ಕೇಳುವ ಕಮಾಂಡ್ ಕೊಟ್ಟೆ. ಎಲ್ಲ ಸರಿಯಿದ್ದರೆ ಮೂರು 'ಯು' ಅಕ್ಷರಗಳು ಸಾಲಾಗಿ ಕಾಣಬೇಕು. ಎರಡೇ ಇದ್ದವು, ಮೂರನೆಯದರ ಜಾಗದಲ್ಲಿ ಬರೀ ಗೆರೆ, ಅಂದರೆ ಒಂದು ಡಿಸ್ಕು ಗುಂಪಿನಲ್ಲಿಲ್ಲ. ಪೆಟ್ಟಿಗೆ ತಾನೇ ಬರೆದಿಡುವ ದಿನಚರಿ, ಲಾಗ್, ತೆಗೆದು ನೋಡಿದರೆ ದಸರೆಯಿಂದಲೇ ಹೀಗಿದೆ. ಪೆಟ್ಟಿಗೆ ಪಾಪ, ತನ್ನ ಪಾಡಿಗೆ ಅಣ್ಣನಿಗೆ ಎಚ್ಚರಿಕೆಯ ಮೇಲ್ ಕಳಿಸುತ್ತಲೇ ಇತ್ತು. ಅವರು ಮೇಲ್ ತೆರೆಯುವವರೇ ಅಲ್ಲ.

ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ಮೂರೂ ಡಿಸ್ಕುಗಳ ಮೇಲೆ ಗಂಧ, ಕುಂಕುಮ, ಒಣಗಿದ ಸೇವಂತಿಗೆಯ ಎಸಳು.

"ಆಯುಧ ಪೂಜೆಗೆ ಮಾಡಿದ್ದು" ಎಂದರು ಅಣ್ಣ. "ಪೆಟ್ಟಿಗೆಗೆ ಹೊರಗಿಂದ ಹೂ ಇಟ್ರೆ ಸಾಕಾ? ದುಡಿಯುವುದು ಒಳಗಿನವಲ್ವಾ. ಒಂದೊಂದನ್ನೇ ತೆಗೆದು, ಒರೆಸಿ, ಹಚ್ಚಿ, ಮತ್ತೆ ಹಾಗೆಯೇ ಇಟ್ಟಿದ್ದೆ."

ಒಂದು ಡಿಸ್ಕಿನ ಗಂಧ ಇಳಿದು ಕೇಬಲ್ ಸೇರುವ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ನಾನು ವಿಜಯಪುರದವಳು, ಸಿಟ್ಟು ಬಂದರೆ ನಾಲಿಗೆ ಊರಿಗೆ ಹೋಗುತ್ತದೆ. "ಲೇತ್ ಮಷೀನಿಗೆ ಹಚ್ಚಿದಂಗ ಇದಕ್ಕೂ ಹಚ್ಚಿದ್ರ ಹ್ಯಾಂಗ್ರಿ ಅಣ್ಣಾ?" ಎಂದೆ. ಅವರ ಮುಖ ಸಣ್ಣದಾಯಿತು. ಪೂರ್ತಿ ಬೈಯುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ, ನೀರು ಕೇಳಿ ಕುಡಿದೆ.

ಗಂಧ ಕೆರೆದು ಜೋಡಿಸಿದರೆ ಆ ಡಿಸ್ಕಿಗೆ ಜೀವ ಬಂತು. ಆದರೇನು, ಮದುವೆ ನಡೆದದ್ದು ದಸರೆಯ ನಂತರ. ಅಷ್ಟರಲ್ಲಿ ಅದು ಗುಂಪಿನಿಂದ ಹೊರಗಾಗಿತ್ತು, ಅದರಲ್ಲಿ ಆ ಮದುವೆಯೇ ಇಲ್ಲ. ಉಳಿದೆರಡನ್ನು ಪರೀಕ್ಷಿಸಿದರೆ ಒಂದರಲ್ಲಿ ಓದಲಾಗದ ಜಾಗಗಳು ಆಗಲೇ ಹುಟ್ಟಿಕೊಂಡಿದ್ದವು. ವಿಡಿಯೋ ನಿಂತು ನಿಂತು ಓಡುತ್ತಿದ್ದುದು ಅದಕ್ಕೇ.

"ಹೊಸ ಡಿಸ್ಕು ತರಿಸಿದ್ದೇನೆ, ಈಗಲೇ ಹಾಕಿಬಿಡುವ" ಎಂದರು ಅಣ್ಣ.

ನಾನು ಬೇಡವೆಂದೆ. ಹೊಸದನ್ನು ತುಂಬಿಸಲು ಆ ಸೋತ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿಸಬೇಕು. ನಡುವೆ ಅದು ಕಣ್ಣು ಮುಚ್ಚಿದರೆ ತಾಳಿಯೂ ಹೋಯಿತು. ಮೊದಲು ಆ ಮದುವೆಯನ್ನು ಹೊರಗಿನ ಡಿಸ್ಕಿಗೆ ಎತ್ತಿಕೊಳ್ಳಬೇಕು, ರಿಪೇರಿ ಆಮೇಲೆ.

ಕಾಪಿ ಹಚ್ಚಿ ಇಬ್ಬರೂ ಪರದೆಯ ಮುಂದೆ ಕೂತೆವು. ಸ್ವಲ್ಪ ಓಡುವುದು, ನಿಲ್ಲುವುದು. ನಿಂತಾಗ ಡಿಸ್ಕು ಒಳಗೊಳಗೇ ಟಿಕ್ ಟಿಕ್ ಎನ್ನುವುದು. ಪ್ರತಿ ಸಲ ನಿಂತಾಗಲೂ ನನಗೆ ಭಯವಾಗುತ್ತಿತ್ತು. ನಾನು ನೋಡಿಯೇ ಇರದ ಆ ತಾಯಿಗಾಗಿ ಇಷ್ಟೇಕೆ ಭಯವೋ ತಿಳಿಯದು. ಎದ್ದು ಮನೆಗೆ ಹೋಗಿ ಮಲಗಿಬಿಡಬೇಕು ಎಂದೂ ಅನಿಸುತ್ತಿತ್ತು. ಅಣ್ಣ ಎರಡು ಸಲ ಚಹಾ ತರಿಸಿದರು. ಎರಡೂ ಸಲ ಆರಿಹೋಯಿತು.

ಕೊನೆಗೂ ಬಂತು. ಕೆಲವು ಕಡೆ ಚಿತ್ರ ಚೌಕಚೌಕವಾಗಿ ಒಡೆಯುತ್ತಿತ್ತು, ಆದರೆ ಬಂತು. ಅಣ್ಣ ಕೂಡಲೇ ಆಕೆಗೆ ಫೋನ್ ಮಾಡಿದರು. ಹೊಸ ಡಿಸ್ಕು ಹಾಕಿ ರೇಡ್ ಸರಿಪಡಿಸುವ ಕೆಲಸವೆಲ್ಲ ಇನ್ನೂ ಬಾಕಿ ಇತ್ತು. ನಾನು ಅದಕ್ಕೆ ಕೈ ಹಾಕುವ ಮೊದಲೇ ಆಕೆ ಶೇರ್ ರಿಕ್ಷಾ ಹಿಡಿದು ಬಂದುಬಿಟ್ಟಳು. ನನ್ನದೇ ವಯಸ್ಸು. ಕುರ್ಚಿ ಕೊಟ್ಟರೆ ಅಂಚಿನಲ್ಲಿ ಕೂತಳು.

ಅಣ್ಣ ವಿಡಿಯೋವನ್ನು ತಾಳಿ ಕಟ್ಟುವ ಹೊತ್ತಿಗೇ ತಂದು ಹಚ್ಚಿದರು. ವಾಲಗ ಜೋರಾಯಿತು, ಅಕ್ಷತೆ ಬಿತ್ತು, ಚಿತ್ರ ಒಮ್ಮೆ ಒಡೆದು ಮತ್ತೆ ಕೂಡಿಕೊಂಡಿತು. ಹುಡುಗ ತಾಳಿ ಕಟ್ಟುತ್ತಿದ್ದ. ತಲೆ ತಗ್ಗಿಸಿದ್ದ ಹುಡುಗಿ ಕತ್ತೆತ್ತಿ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ನಿಂತವರ ಭುಜಗಳ ಸಂದಿಯಲ್ಲಿ ಹಿಂದೆಲ್ಲ ನೋಡಿದಳು. ಯಾರೋ ಅವಳ ತಲೆಯನ್ನು ಮೆಲ್ಲನೆ ಬಗ್ಗಿಸಿದರು.

"ನನ್ನ ಹುಡುಕಾಕತ್ತಾಳ್ರಿ" ಎಂದಳು ತಾಯಿ.

ಅಣ್ಣ ನಿಲ್ಲಿಸಲು ಕೈ ಚಾಚಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೊಮ್ಮೆ ಹಚ್ರಿ."