ಹೂಜಿಯ ಕೆಳಗಿನ ಕಾಗದದ ಚೂರು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವಳು. ಕಾನ್ವೆಂಟಿನಲ್ಲಿ ಓದಿದವಳೆಂಬ ಬಿಂಕವೂ ಒಂದಿಷ್ಟು ಇತ್ತೆನ್ನಿ. ಈಗ ನಗುವುದಿಲ್ಲ.

ಆಗ ನಾವು ಬೈಲಹೊಂಗಲದಲ್ಲಿದ್ದೆವು. ಅಂದು ಮುಂಜಾನೆ ಎಂದಿನಂತೆ ಒಲೆ ಸಾರಿಸಿ ನೀರು ತುಂಬುತ್ತಿದ್ದಾಗ, ಅವ್ವ ಕೊಟ್ಟ ತಾಮ್ರದ ತಂಬಿಗೆ ಕೈಜಾರಿ ಬಿದ್ದು ನೆಗ್ಗಿತು. ಯಜಮಾನರು ಕಚೇರಿಗೆ ಹೋದ ಮೇಲೆ ನನ್ನ ತಮ್ಮ ಶಂಕರನಿಗೆ ಕಾಗದ ಬರೆಯಲು ಕುಳಿತೆ. ಯುದ್ಧದ ಕಾರಕೂನಿಕೆಗೆಂದು ಫ್ರಾನ್ಸಿಗೆ ಹೋದವನಿಂದ ಐದು ತಿಂಗಳಾದರೂ ಸುದ್ದಿಯಿಲ್ಲ. ಇದ್ದಾನೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಬೇರೇನೂ ತೋಚದೆ ತಂಬಿಗೆಯ ಸಂಗತಿಯನ್ನೇ ಬರೆದೆ. ನಡುವೆ ಒಂದು ಹನಿ ಮಸಿ ಬಿತ್ತು.

ಮಧ್ಯಾಹ್ನ ಟಪಾಲಿನವನು ಒಂದು ಸುರುಳಿ ತಂದ. ವಿಳಾಸ ಶಂಕರನ ಕೈಬರಹ.

“ಎರಡ ತಿಂಗಳ ಹಿಂದಿನ ಮುದ್ರಿ ಐತ್ರಿ ಅಕ್ಕಾರ. ಹಡಗದಾಗ ಅಡ್ಡಾಡಿ ಬಂದೈತಿ ನೋಡ್ರಿ,” ಎಂದ.

ಒಳಗೆ ಪತ್ರವಿರಲಿಲ್ಲ. ಮೇಜಿನ ಮೇಲೊಂದು ಹೂಜಿ, ಒಂದು ಗ್ಲಾಸು ಇರುವ ಚಿತ್ರ, ಅಷ್ಟೇ.

ಒಂದೇ ಕಡೆ ಕುಳಿತು, ಒಂದು ಕಣ್ಣು ಮುಚ್ಚಿ, ಅಳತೆ ಹಿಡಿದು ಚಿತ್ರ ಬರೆಯಬೇಕೆಂದು ಕಾನ್ವೆಂಟಿನ ಸಿಸ್ಟರ್ ನಮಗೆ ಕಲಿಸಿದ್ದರು. ಇಲ್ಲಿ ಹೂಜಿಯ ಬಾಯಿ ಮೇಲಿನಿಂದ ಕಂಡಂತೆ ದುಂಡಗೆ, ತಳ ಎದುರಿನಿಂದ ಕಂಡಂತೆ ಸಪಾಟು. ಗ್ಲಾಸು ಮೂರು ಹೋಳು, ಒಂದೊಂದೂ ಬೇರೆ ಮಗ್ಗುಲಿನದು. ಮೇಜು ಗೋಡೆಯಂತೆ ಎದ್ದು ನಿಂತಿದ್ದರೂ ಏನೂ ಬೀಳುತ್ತಿಲ್ಲ. ಎಲ್ಲ ಕಂದು, ಬೂದಿ. ಬೆಳಕು ಎತ್ತಣದ್ದೆಂದೇ ತಿಳಿಯದು. ಎಲ್ಲಿ ನಿಂತು ನೋಡಬೇಕೆಂದು ಗೊತ್ತಾಗದೆ ಕುಳಿತೆ, ಎದ್ದೆ, ಅತ್ತಿತ್ತ ಸರಿದೆ.

ಆಗ ಕಂಡಿತು. ಹೂಜಿಯ ಕೆಳಗೆ ಬಣ್ಣದ ಬದಲು ಕತ್ತರಿಸಿದ ಕಾಗದದ ಚೂರೊಂದನ್ನು ಅಂಟಿಸಲಾಗಿತ್ತು. ಅದರಲ್ಲಿ ಕನ್ನಡ: ‘ತಂಬಿಗೆ ನನ್ನ ಕೈಯಿಂದ ಜಾ’. ಅಕ್ಷರ ನನ್ನದು. ‘ಜಾ’ದ ಮೇಲೆ ಮಸಿಯ ಹನಿ. ಓಡಿಹೋಗಿ ಕಾಗದ ಇಟ್ಟಿದ್ದ ಪೆಟ್ಟಿಗೆ ತೆರೆದೆ. ಮುಂಜಾನೆ ಬರೆದ ನನ್ನ ಕಾಗದ ಇಡಿಯಾಗಿಯೇ ಇತ್ತು. ಅದೇ ಸಾಲು, ಅದೇ ಹನಿ. ಹಿಂದೆಂದೂ ನಾನು ಅವನಿಗೆ ತಂಬಿಗೆಯ ಮಾತು ಬರೆದವಳಲ್ಲ.

ಈ ಕಾಗದ ಅವನ ಕೈ ಸೇರಿದ್ದರೆ ಅವನು ಇರಲೇಬೇಕಲ್ಲ! ಆದರೆ ಸೇರುವುದು ಹೇಗೆ, ನಾನಿನ್ನೂ ಕಳಿಸಿಯೇ ಇಲ್ಲ.

ಯುದ್ಧ ಮುಗಿದ ಮೇಲೂ ಶಂಕರ ಬರಲಿಲ್ಲ. ತೀರಿಕೊಂಡನೆಂಬ ತಂತಿಯೂ ಬರಲಿಲ್ಲ. ಆ ಚೂರು ಎಲ್ಲಿಯದೆಂದು ನನಗೆ ಇಂದಿಗೂ ತಿಳಿದಿಲ್ಲ. ನಾನು ಬರೆದ ಆ ಕಾಗದ ಮಾತ್ರ ಲಕೋಟೆಯಲ್ಲಿ ನನ್ನ ಬಳಿಯೇ ಉಳಿದಿದೆ. ಅಂದು ಸಂಜೆ ಅದನ್ನು ಟಿಕೇಟು ಹಚ್ಚಿ ಟಪಾಲಿಗೆ ಹಾಕಿರೆಂದು ಯಜಮಾನರ ಕೈಗೆ ಕೊಡಲೆಂದು ಎದ್ದಿದ್ದೆ. ಮೊಸರಿಗೆ ಹೆಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯ ನೀಲವ್ವ ಎಲ್ಲ ಕೇಳಿಸಿಕೊಂಡು, ಬಟ್ಟಲಿಗೆ ಸೆರಗು ಮುಚ್ಚುತ್ತ ಅಂದಳು:

“ಅವಗ ಮುಟ್ಟಿದ ಕಾಗದಾ ಮತ್ಯಾಕ ಹಾಕತಿ ತಂಗೀ? ಟಿಕೇಟರ ಉಳೀತು, ಇಡು.”